ಸ್ವಿಫ್ಟ್‌ಲೆಟ್ ಹಕ್ಕಿಗೆ ಮನೆ ಕಟ್ಟುವುದು ಹೇಗೆ: ಜಾಗ ನೋಡುವುದರಿಂದ ಗೂಡು ಬಿಡಿಸುವ ತನಕ

ಊರಿಂದ ಫೋನ್ ಬಂದರೆ ಈಚೆಗೆ ಒಂದೇ ಪ್ರಶ್ನೆ. "ನೀನು ಮಲೇಷ್ಯಾದಲ್ಲಿ ಹಕ್ಕಿಗೂಡಿನ ಬಿಸಿನೆಸ್ ಮಾಡ್ತೀಯಂತೆ, ನಮ್ಮ ಹಳೇ ಮನೆಯಲ್ಲೂ ಮಾಡ್ಬಹುದಾ ಮಾರಾಯ?" ಯಾರೋ ಒಂದು ವಿಡಿಯೋ ಕಳಿಸಿರುತ್ತಾರೆ. ಅದರಲ್ಲಿ ಕತ್ತಲೆ ಕೋಣೆ, ಛಾವಣಿ ತುಂಬ ಬಿಳಿ ಗೂಡು, ಕೊನೆಗೆ ಕಣ್ಣು ಕುಕ್ಕುವ ಬೆಲೆ. ನಡುವೆ ಏನಾಯಿತು ಅಂತ ಮಾತ್ರ ಯಾರೂ ತೋರಿಸುವುದಿಲ್ಲ. ಆ ನಡುವಿನದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಗೊತ್ತಿಲ್ಲದವರಿಗೆ: ಸ್ವಿಫ್ಟ್‌ಲೆಟ್ ಒಂದು ಪುಟ್ಟ ಹಕ್ಕಿ. ಜೊಲ್ಲಿನಿಂದ ಅದು ಕಟ್ಟುವ ಗೂಡನ್ನು ಬೇಯಿಸಿ ತಿನ್ನುತ್ತಾರೆ, ದೊಡ್ಡ ಗಿರಾಕಿ ಚೀನಾ.

ನಮ್ಮ ಹಕ್ಕಿಮನೆ ಇರುವುದು ಪೇರಾಕ್ ರಾಜ್ಯದ ಸಿತಿಯಾವಾನ್ ಕಡೆ. ಪಾಲುದಾರರು ಅಲ್ಲಿಯವರೇ, ಚೀನೀ ಮೂಲದ ಹಿರಿಯರು. ಜಾಗ, ಲೈಸೆನ್ಸ್ ಎಲ್ಲ ಅವರ ಹೆಸರಲ್ಲಿ. ನಾನು ಸ್ವಲ್ಪ ದುಡ್ಡು ಹಾಕಿದವನು, ಜಾಸ್ತಿ ಏಣಿ ಹತ್ತಿದವನು.

ಇದನ್ನು ಹಕ್ಕಿ ಸಾಕಣೆ ಅಂತ ಕರೆಯುತ್ತಾರೆ. ಆದರೆ ಇಲ್ಲಿ ಹಕ್ಕಿಯನ್ನು ಕೊಂಡು ತರುವುದಿಲ್ಲ, ಕಾಳು ಹಾಕುವುದಿಲ್ಲ, ಬಾಗಿಲು ಮುಚ್ಚುವುದೂ ಇಲ್ಲ. ನಮ್ಮಲ್ಲಿ ಖಾಲಿ ಪೆಟ್ಟಿಗೆಗೆ ಮೇಣ ಸವರಿ, ತುಡುವೆ ಜೇನು ತಾನಾಗಿ ಬಂದು ಕೂರಲಿ ಅಂತ ತೋಟದ ಮೂಲೆಯಲ್ಲಿ ಇಟ್ಟು ಕಾಯುತ್ತಾರಲ್ಲ, ಹಾಗೆ. ಪೆಟ್ಟಿಗೆ ಮೂರು ಮಹಡಿಯದ್ದು, ಅಷ್ಟೇ ವ್ಯತ್ಯಾಸ. ಇಷ್ಟವಾಗದಿದ್ದರೆ ಹಕ್ಕಿ ಬರುವುದಿಲ್ಲ. ಬಂದದ್ದು ನಾಳೆ ಬಿಟ್ಟು ಹೋದರೂ ಕೇಳುವ ಹಾಗಿಲ್ಲ.

ಮೊದಲು ಹಕ್ಕಿ ಯಾವುದು ಅಂತ ತಿಳಿಯಿರಿ

ಹೆಸರಲ್ಲಿ ಸ್ವಿಫ್ಟ್‌ಲೆಟ್ ಅಂತ ಇದ್ದ ಮಾತ್ರಕ್ಕೆ ಅದರ ಗೂಡು ತಿನ್ನಲು ಬರುವುದಿಲ್ಲ. ಮಾರುಕಟ್ಟೆಗೆ ಬೇಕಾದವು ಎರಡು. ಒಂದು ಏರೋಡ್ರಾಮಸ್ ಫ್ಯೂಸಿಫೇಗಸ್. ಇದು ಬರೀ ಜೊಲ್ಲಿನಿಂದ ಗೂಡು ಕಟ್ಟುತ್ತದೆ. ಬಿಳಿ ಗೂಡು ಅನ್ನುವುದು ಇದನ್ನೇ. ಮನೆಗಳಿಗೆ ಬರುವುದೂ ಮುಖ್ಯವಾಗಿ ಇದೇ. ಇನ್ನೊಂದು ಏರೋಡ್ರಾಮಸ್ ಮ್ಯಾಕ್ಸಿಮಸ್. ಇದರ ಗೂಡಿನಲ್ಲಿ ಗರಿ ಸೇರಿರುವುದರಿಂದ ಕಪ್ಪು ಗೂಡು ಅನ್ನುತ್ತಾರೆ. ಮಲೇಷ್ಯಾದ್ದೇ ರಾಜ್ಯಗಳಾದ ಸರಾವಾಕ್‌ನ ನಿಯಾ, ಸಬಾದ ಗೋಮಾಂತೊಂಗ್‌ನಂಥ ಗುಹೆಗಳಲ್ಲಿ ಬೆತ್ತದ ಏಣಿ ಹಾಕಿ ಜೀವ ಕೈಯಲ್ಲಿ ಹಿಡಿದು ಬಿಡಿಸುವ ಗೂಡುಗಳಲ್ಲಿ ಇದರದ್ದೂ ದೊಡ್ಡ ಪಾಲು.

ಈ ಹಕ್ಕಿಯ ಕಾಲು ವಿಚಿತ್ರ. ತಂತಿಯ ಮೇಲಾಗಲಿ ಕೊಂಬೆಯ ಮೇಲಾಗಲಿ ಕೂರಲು ಆಗುವುದಿಲ್ಲ. ನೆಟ್ಟಗಿನ ಗೋಡೆಗೆ ಉಗುರು ಸಿಕ್ಕಿಸಿ ನೇತಾಡುವುದಷ್ಟೇ ಗೊತ್ತು. ಹಗಲೆಲ್ಲ ಆಕಾಶದಲ್ಲೇ ಇದ್ದು, ಹಾರುವ ಇರುವೆ, ಗೆದ್ದಲ ಹುಳು, ಸಣ್ಣ ನೊಣಗಳನ್ನು ಗಾಳಿಯಲ್ಲೇ ಹಿಡಿದು ತಿನ್ನುತ್ತದೆ. ಗಾಢ ಕತ್ತಲೆಯಲ್ಲಿ ಕಟಕಟ ಸದ್ದು ಮಾಡಿ, ಅದು ಗೋಡೆಗೆ ಬಡಿದು ವಾಪಸ್ ಬರುವುದನ್ನು ಕೇಳಿ ದಾರಿ ಹಿಡಿಯುತ್ತದೆ. ಬಾವಲಿಯ ಸದ್ದು ನಮ್ಮ ಕಿವಿಗೆ ಬೀಳುವುದಿಲ್ಲ, ಇದರದ್ದು ಚೆನ್ನಾಗಿ ಕೇಳುತ್ತದೆ. ಇಷ್ಟು ನೆನಪಿಟ್ಟುಕೊಂಡರೆ ಮುಂದಿನದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಕತ್ತಲೆ ಯಾಕೆ, ಒರಟು ಹಲಗೆ ಯಾಕೆ, ಸುತ್ತ ಹುಳ ಇರಬೇಕು ಯಾಕೆ, ಎಲ್ಲಕ್ಕೂ ಉತ್ತರ ಇಲ್ಲೇ ಇದೆ.

ನಮ್ಮೂರಲ್ಲಿ ಮಾಡಬಹುದಾ?

ಇಲ್ಲ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕು. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಸ್ವಿಫ್ಟ್‌ಲೆಟ್ ಇದೆ, ನಿಜ. ಘಟ್ಟದ ಕೆಲವು ಗುಹೆಗಳಲ್ಲೂ ಇದೆ. ಆದರೆ ಅದು ಬೇರೆ ಜಾತಿ, ಏರೋಡ್ರಾಮಸ್ ಯೂನಿಕಲರ್. ಪಾಚಿ, ಹುಲ್ಲು, ಗರಿ ಸೇರಿಸಿ ಗೂಡು ಕಟ್ಟುತ್ತದೆ. ಮೇಲಾಗಿ ಕಾಡುಹಕ್ಕಿಯ ಗೂಡು, ಮೊಟ್ಟೆ ಮುಟ್ಟಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಸಿಕ್ಕಿಬೀಳುತ್ತೀರಿ. ಮಹಾರಾಷ್ಟ್ರದ ವೆಂಗುರ್ಲಾದ ಸಮುದ್ರದ ಬಂಡೆಗಳಲ್ಲಿ ಇದೇ ಹಕ್ಕಿಯ ಗೂಡು ಕದ್ದವರ ಕತೆ ಮೊದಲೇ ಆಗಿಹೋಗಿದೆ.

ಭಾರತದಲ್ಲಿ ಬಿಳಿ ಗೂಡಿನ ಹಕ್ಕಿ ಇರುವುದು ಅಂಡಮಾನ್ ನಿಕೋಬಾರ್‌ನಲ್ಲಿ. ಅಲ್ಲಿ ಗೂಡುಗಳ್ಳರ ಕಾಟಕ್ಕೆ ಸಂಖ್ಯೆ ಕುಸಿದಿತ್ತು. ಕೊಯಮತ್ತೂರಿನ ಸಲೀಂ ಅಲಿ ಪಕ್ಷಿವಿಜ್ಞಾನ ಕೇಂದ್ರದ ರವಿ ಶಂಕರನ್ 1990ರ ದಶಕದಲ್ಲಿ ಗುಹೆ ಗುಹೆ ಸುತ್ತಿ ಎಣಿಸಿದರು. ಮುಂದೆ ಅರಣ್ಯ ಇಲಾಖೆ ಜೊತೆ ಸೇರಿ, ಗೂಡು ಕೀಳುತ್ತಿದ್ದವರನ್ನೇ ಗುಹೆ ಕಾಯುವ ಕೆಲಸಕ್ಕೆ ತಂದರು. ಹಕ್ಕಿಯನ್ನು ಮನೆಯೊಳಗೆ ನೆಲೆ ನಿಲ್ಲಿಸುವ ಪ್ರಯೋಗವೂ ನಡೆಯಿತು. ಅದು ಸರ್ಕಾರದ ಯೋಜನೆ. ನೀವು ನಾನು ಹೋಗಿ ಶೆಡ್ ಹಾಕುವ ಮಾತಲ್ಲ.

ಹಾಗಾಗಿ ಮುಂದಿನದ್ದು ಮಲೇಷ್ಯಾ, ಇಂಡೊನೇಷ್ಯಾ ಕಡೆ ಇರುವವರಿಗೆ, ಅಲ್ಲಿಯವರ ಜೊತೆ ಪಾಲು ಸೇರುವವರಿಗೆ. ಸುಮ್ನೆ ತಿಳಿಯುವ ಆಸೆ ಇರುವವರೂ ಓದಬಹುದು, ನಷ್ಟವಿಲ್ಲ.

ಜಾಗ: ದುಡ್ಡು ಬಿಚ್ಚುವ ಮೊದಲು ಒಂದು ವಾರದ ಸಂಜೆ

ಕಟ್ಟಡದ ತಪ್ಪನ್ನು ತಿದ್ದಬಹುದು, ಜಾಗದ ತಪ್ಪನ್ನು ತಿದ್ದಲು ಆಗುವುದಿಲ್ಲ. ಸುತ್ತ ಗದ್ದೆ, ಹೊಳೆ, ಜೌಗು, ಕಾಡಿನ ಅಂಚು ಇದ್ದರೆ ಹುಳ ಇರುತ್ತದೆ. ಎಷ್ಟು ದೂರ ನೋಡಿದರೂ ಔಷಧಿ ಹೊಡೆದ ತಾಳೆ ತೋಟವೇ ಇದ್ದರೆ ಅಷ್ಟು ಒಳ್ಳೆಯದಲ್ಲ. ಕಟ್ಟಡದ ಮುಂದೆ ಹಕ್ಕಿ ಸುತ್ತು ಹೊಡೆಯಲು ಬಯಲು ಬೇಕು. ಎತ್ತರದ ಮರ, ಮೊಬೈಲ್ ಟವರ್ ಎದುರಿಗೆ ಬೇಡ. ಗಿಡುಗ, ಗೂಬೆಗೆ ಅವು ಕೂತು ಕಾಯುವ ಜಾಗ.

ಪರೀಕ್ಷೆ ಹೀಗೆ. ಸಂಜೆ ಐದೂವರೆಗೆ ಜಾಗಕ್ಕೆ ಹೋಗಿ. ಚಿಕ್ಕ ಆಂಪ್ಲಿಫೈಯರ್, ಒಂದು ಟ್ವೀಟರ್ (ಕೀರಲು ದನಿಯ ಪುಟ್ಟ ಸ್ಪೀಕರ್), ಹಕ್ಕಿ ಕರೆಯುವ ಧ್ವನಿ ಇರುವ ಪೆನ್‌ಡ್ರೈವ್ ಇಷ್ಟು ಸಾಕು. ಕಾರಿನ ಮೇಲೆ ಇಟ್ಟು ಹಾಕಿ. ಹತ್ತು ಹದಿನೈದು ನಿಮಿಷದಲ್ಲಿ ತಲೆ ಮೇಲೆ ಹಕ್ಕಿ ಸುತ್ತಲು ಶುರುವಾಗಬೇಕು. ಎರಡು ಮೂರು ಬಂದು ಹೋದರೆ ಅದು ಲೆಕ್ಕಕ್ಕಿಲ್ಲ. ಹಿಂಡೇ ಇಳಿದು ಸ್ಪೀಕರ್‌ಗೆ ಮುತ್ತಿಗೆ ಹಾಕಿದರೆ ಜಾಗದ ಬಗ್ಗೆ ಮಾತಾಡಬಹುದು. ಒಂದೇ ಸಂಜೆ ನೋಡಿ ಮರುಳಾಗಬೇಡಿ. ಮಳೆ ಬಂದ ದಿನ, ಬಿಸಿಲಿನ ದಿನ ಎರಡನ್ನೂ ನೋಡಿ. ಸಂಜೆ ಆರರಿಂದ ಏಳರ ನಡುವೆ ಹಕ್ಕಿಗಳು ಯಾವ ದಿಕ್ಕಿಗೆ ಮನೆಗೆ ಮರಳುತ್ತವೆ ಅಂತ ಬರೆದಿಡಿ. ಆ ದಾರಿಯ ಕೆಳಗೆ ಜಾಗ ಸಿಕ್ಕಿದರೆ ಅದೃಷ್ಟ. ಹತ್ತಿರದಲ್ಲಿ ಹಳೆಯ ಹಕ್ಕಿಮನೆ ಇದ್ದರೆ ಹೆದರಬೇಡಿ. ಮನೆ ಹುಡುಕುವ ಎಳೆಯ ಜೋಡಿಗಳು ಹೊರಬರುವುದು ಅಲ್ಲಿಂದಲೇ.

ಲೈಸೆನ್ಸ್ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮಲೇಷ್ಯಾದಲ್ಲಿ ಸ್ಥಳೀಯ ಮಂಡಳಿಯ ಒಪ್ಪಿಗೆ ಬೇಕು, ಪಶುವೈದ್ಯ ಇಲಾಖೆಯಲ್ಲಿ ನೋಂದಣಿ ಆಗಬೇಕು. ಧ್ವನಿ ಎಷ್ಟು ಜೋರಿರಬಹುದು ಅನ್ನುವುದಕ್ಕೂ ನಿಯಮ ಇದೆ. ಊರ ನಡುವಿನ ಅಂಗಡಿ ಸಾಲಿನ ಆಸೆ ಬಿಡಿ. 1997ರ ಆರ್ಥಿಕ ಕುಸಿತದ ಮೇಲೆ ಖಾಲಿ ಬಿದ್ದ ಅಂಗಡಿ ಮನೆಗಳೆಲ್ಲ ಹಕ್ಕಿಮನೆ ಆಗಿದ್ದವು. ಪೆನಾಂಗ್‌ನ ಜಾರ್ಜ್‌ಟೌನ್ 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ, ಪಾರಂಪರಿಕ ವಲಯದ ಹಕ್ಕಿಮನೆಗಳು 2013ರ ಕೊನೆಯೊಳಗೆ ಜಾಗ ಖಾಲಿ ಮಾಡಬೇಕಾಯಿತು. ಪಕ್ಕದ ಮನೆಯವರಿಗೆ ಹಗಲಿಡೀ ಚೀಂ ಚೀಂ ಕೇಳಿಸಿದರೆ ಅವರೂ ಎಷ್ಟಂತ ಸುಮ್ಮನಿರುತ್ತಾರೆ, ಅಲ್ವಾ?

ಕಟ್ಟಡ: ಗುಹೆಯನ್ನು ಇಟ್ಟಿಗೆಯಲ್ಲಿ ಕಟ್ಟುವುದು

ಸಾಮಾನ್ಯ ಅಳತೆ 20 ಅಡಿ ಅಗಲ, 60 ಅಡಿ ಉದ್ದ, ಎರಡು ಅಥವಾ ಮೂರು ಮಹಡಿ. ಒಂದೊಂದು ಮಹಡಿ 8ರಿಂದ 10 ಅಡಿ ಎತ್ತರ. ಒಳಗಿನ ಉಷ್ಣತೆ 26ರಿಂದ 30 ಡಿಗ್ರಿ ಸೆಲ್ಸಿಯಸ್ ಒಳಗೆ, ತೇವಾಂಶ ಶೇ. 80ರಿಂದ 90ರಲ್ಲಿ ನಿಲ್ಲಬೇಕು. ಬೆಳಕು ಎಷ್ಟಿರಬೇಕು ಅಂದರೆ, ಗೂಡುಕೋಣೆಯಲ್ಲಿ ನಿಂತು ಕೈ ಚಾಚಿದರೆ ನಿಮ್ಮ ಕೈ ನಿಮಗೇ ಕಾಣಬಾರದು.

ನಾವು ಮೊದಲ ಸಲ ಎಡವಿದ್ದು ಇಲ್ಲೇ. ಖರ್ಚು ಉಳಿಸಲು ಮೇಲಿನ ಮಹಡಿಗೆ ಸ್ಲ್ಯಾಬ್ ಹಾಕದೆ ತಗಡು ಹೊದಿಸಿದೆವು. ಮಧ್ಯಾಹ್ನ ಎರಡು ಗಂಟೆಗೆ ಥರ್ಮಾಮೀಟರ್ 34 ತೋರಿಸುತ್ತಿತ್ತು. ಬಂದ ಹಕ್ಕಿ ಒಂದು ಸುತ್ತು ಹೊಡೆದು ಹೊರಟುಹೋಗುತ್ತಿತ್ತು. ಎಂಟು ತಿಂಗಳು ಸ್ಪೀಕರ್ ಬದಲಾಯಿಸಿದೆವು, ಧ್ವನಿ ಬದಲಾಯಿಸಿದೆವು. ಕೊನೆಗೆ ತಗಡಿನ ಕೆಳಗೆ ಇನ್ನೊಂದು ಛಾವಣಿ ಕಟ್ಟಿ, ನಡುವೆ ಗಾಳಿ ಆಡುವ ಹಾಗೆ ಮಾಡಿದ ಮೇಲೆ ಸರಿಹೋಯಿತು. ನೀವು ಮೊದಲೇ ಸ್ಲ್ಯಾಬ್ ಹಾಕಿ. ಪಶ್ಚಿಮದ ಗೋಡೆಯನ್ನಾದರೂ ಜೋಡಿ ಇಟ್ಟಿಗೆಯಲ್ಲಿ, ನಡುವೆ ಸಂದಿ ಬಿಟ್ಟು ಕಟ್ಟಿ.

ಹಕ್ಕಿಯ ಬಾಗಿಲು ಮೇಲ್ಮಹಡಿಯಲ್ಲಿ ಅಥವಾ ಛಾವಣಿಯ ಮೇಲಿನ ಚಿಕ್ಕ ಗೋಪುರದಲ್ಲಿ ಇರುತ್ತದೆ. ಆ ಗೋಪುರಕ್ಕೆ ಇಂಡೊನೇಷ್ಯಾದವರು 'ರುಮಾ ಮೊಞೆತ್', ಅಂದರೆ ಕೋತಿಮನೆ, ಅನ್ನುತ್ತಾರೆ. ಬಾಗಿಲು ಅಗಲಕ್ಕೆ 2ರಿಂದ 3 ಅಡಿ, ಎತ್ತರಕ್ಕೆ 1 ಅಡಿಗಿಂತ ಸ್ವಲ್ಪ ಜಾಸ್ತಿ ಇದ್ದರೆ ಸಾಕು. ಬೆಳಗಿನ ಅಥವಾ ಸಂಜೆಯ ಬಿಸಿಲು ನೇರ ಒಳಗೆ ಬೀಳುವ ದಿಕ್ಕು ಬೇಡ. ಬಾಗಿಲಿನ ಹಿಂದೆ ಸುತ್ತಾಟದ ಕೋಣೆ, ಸುಮಾರು 13 ಅಡಿ ಚೌಕ. ಹಕ್ಕಿ ಒಳಗೆ ನುಗ್ಗಿದ ವೇಗದಲ್ಲೇ ಇಲ್ಲಿ ಎರಡು ಸುತ್ತು ಹಾಕಿ, ಧೈರ್ಯ ಮಾಡಿ, ಆಮೇಲೆ ಕತ್ತಲೆಗೆ ಇಳಿಯುತ್ತದೆ. ಕೆಳಗಿನ ಮಹಡಿಗೆ ಹೋಗಲು ನೆಲದಲ್ಲಿ ಇಷ್ಟೇ ದೊಡ್ಡ ತೂತು ಬಿಡಬೇಕು. ಇದನ್ನು ಕಿರಿದು ಮಾಡಿದವರ ಕೆಳಮಹಡಿ ವರ್ಷಗಟ್ಟಲೆ ಖಾಲಿ ಇರುವುದನ್ನು ನೋಡಿದ್ದೇನೆ.

ಗಾಳಿಗೆ 3–4 ಇಂಚಿನ ಪಿವಿಸಿ ಪೈಪುಗಳನ್ನು ಗೋಡೆಗೆ ಕೂರಿಸಿ. ಹೊರತುದಿಗೆ ಕೆಳಮುಖದ ಎಲ್ಬೋ ಹಾಕಿದರೆ ಬೆಳಕು ನುಗ್ಗುವುದಿಲ್ಲ. ಬಾಯಿಗೆ ಜಾಲರಿ ಕಟ್ಟಿ, ಇಲ್ಲದಿದ್ದರೆ ಇಲಿಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ.

ಹಲಗೆ: ಗೂಡು ನಿಲ್ಲುವುದು ಇದರ ಮೇಲೆ

ಛಾವಣಿಯ ಕೆಳಗೆ ಹಲಗೆಗಳನ್ನು ನಿಲುವಾಗಿ ತೂಗುಹಾಕಬೇಕು. 1 ಇಂಚು ದಪ್ಪ, 6ರಿಂದ 8 ಇಂಚು ಅಗಲ. ಸಾಲಿನಿಂದ ಸಾಲಿಗೆ ಒಂದು ಅಡಿ, ಒಂದೂಕಾಲು ಅಡಿ. ಮೂರು ನಾಲ್ಕು ಅಡಿಗೊಮ್ಮೆ ಅಡ್ಡ ಹಲಗೆ ಕೊಟ್ಟರೆ ಚೌಕ ಚೌಕ ಮನೆಗಳಾಗುತ್ತವೆ. ಹಕ್ಕಿಗೆ ಮೂಲೆ ಅಂದರೆ ಪ್ರೀತಿ. ಹೊಸ ಜೋಡಿ ಮೊದಲು ಹಿಡಿಯುವುದು ಮೂಲೆಯನ್ನೇ.

ಮೆರಾಂತಿ ಮರ ಇಲ್ಲಿ ಎಲ್ಲರೂ ಬಳಸುತ್ತಾರೆ. ಯಾವ ಮರವಾದರೂ ಘಾಟು ಇರಬಾರದು, ಅಂಟು ಸೋರಬಾರದು, ಗೆದ್ದಲಿನ ಔಷಧಿ ಹಚ್ಚಿರಬಾರದು. ಹೊಸ ಹಲಗೆಯನ್ನು ನೀರಲ್ಲಿ ನೆನೆಹಾಕಿ, ಒಣಗಿಸಿ, ವಾಸನೆ ಹೋದ ಮೇಲೆ ಹೊಡೆಯಿರಿ. ನುಣ್ಣಗೆ ಉಜ್ಜಬೇಡಿ. ಉಗುರಿಗೆ ಹಿಡಿತ ಬೇಕಲ್ಲ, ಉದ್ದಕ್ಕೆ ಸಣ್ಣ ಗೀರುಗಳನ್ನು ಕೊರೆಸಿ. ತೇವಾಂಶ ಶೇ. 95 ದಾಟಿದರೆ ಹಲಗೆಗೆ ಬೂಷ್ಟು ಬರುತ್ತದೆ. ಬೂಷ್ಟು ಹಿಡಿದ ಹಲಗೆಯಲ್ಲಿ ಗೂಡು ಸರಿಯಾಗಿ ಅಂಟುವುದಿಲ್ಲ, ಮರಿ ಸಮೇತ ಕಳಚಿ ಬೀಳುತ್ತದೆ. ಹಾಗಾಗಿ ನೀರು ಚಿಮುಕಿಸುವ ಮಂಜಿನ ಯಂತ್ರ ಇಟ್ಟವರು ಟೈಮರ್ ಮೇಲೂ ಒಂದು ಕಣ್ಣು ಇಡಬೇಕು.

ಕರೆ ಮತ್ತು ವಾಸನೆ

ಧ್ವನಿಯಲ್ಲಿ ಎರಡು ಬಗೆ. ಹೊರಧ್ವನಿ ಬಾಗಿಲ ಹತ್ತಿರ, ಬೆಳಿಗ್ಗೆಯಿಂದ ಸಂಜೆ ತನಕ. ಇದರ ಕೆಲಸ ಕರೆಯುವುದು. ಒಳಧ್ವನಿ ಹಲಗೆಗಳ ನಡುವಿನ ಹತ್ತಾರು ಪುಟ್ಟ ಟ್ವೀಟರ್‌ಗಳಲ್ಲಿ, ತಗ್ಗಿದ ದನಿಯಲ್ಲಿ, ಹಗಲು ರಾತ್ರಿ. 'ಇಲ್ಲಿ ಆಗಲೇ ಸಂಸಾರಗಳಿವೆ, ಹೆದರಬೇಡ' ಅಂತ ಹೇಳುವುದು ಇದರ ಕೆಲಸ. ಒಳಧ್ವನಿ ಜೋರಾದರೆ ಹಕ್ಕಿ ನಿಲ್ಲುವುದಿಲ್ಲ. 'ಮ್ಯಾಜಿಕ್ ಸೌಂಡ್' ಅಂತ ದುಬಾರಿ ಬೆಲೆಗೆ ಮಾರುವವರು ಬೇಕಾದಷ್ಟು ಜನ ಇದ್ದಾರೆ. ನಾವೂ ಒಬ್ಬರಿಂದ ಕೊಂಡು ಮೋಸಹೋದೆವು. ನಾಲ್ಕೈದು ಸಾಧಾರಣ ಧ್ವನಿಗಳನ್ನು ನಿಮ್ಮ ಜಾಗದಲ್ಲೇ ಹಾಕಿ ನೋಡಿ, ಹಕ್ಕಿ ಯಾವುದಕ್ಕೆ ಇಳಿಯುತ್ತದೋ ಅದು ಒಳ್ಳೆಯದು. ಕರೆಂಟು ಹೋದಾಗ ಧ್ವನಿ ನಿಲ್ಲದ ಹಾಗೆ ಬ್ಯಾಟರಿ ಇಡಿ.

ಹೊಸ ಕಟ್ಟಡಕ್ಕೆ ಸಿಮೆಂಟಿನ ವಾಸನೆ. ಅದನ್ನು ಮುಚ್ಚಲು ಹಳೆಯ ಹಕ್ಕಿಮನೆಯ ಹಿಕ್ಕೆ ತಂದು, ನೀರಲ್ಲಿ ಕಲಸಿ, ನೆಲಕ್ಕೆ ಗೋಡೆಗೆ ಎರಚುತ್ತಾರೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ನಮ್ಮ ಸಗಣಿ ಸಾರಿಸುವುದರ ಹಾಗೆ ಅಂದುಕೊಂಡು ಕೈ ಹಾಕಿದ್ದೆ, ಅದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ! ಮೂಲೆಗಳಲ್ಲಿ ಕೆಲವು ಪ್ಲಾಸ್ಟಿಕ್ ನಕಲಿ ಗೂಡು ಅಂಟಿಸುವವರೂ ಇದ್ದಾರೆ.

ಜಾವಾದಲ್ಲಿ ಇನ್ನೊಂದು ಹಳೆಯ ಉಪಾಯ ಇದೆ. ಮನೆಯೊಳಗೆ ಸುಲಭವಾಗಿ ಬರುವ, ಬೆಲೆಯಿಲ್ಲದ ಹುಲ್ಲಿನ ಗೂಡಿನ 'ಸ್ರಿತಿ' ಹಕ್ಕಿಯ ಮೊಟ್ಟೆ ತೆಗೆದು, ಅಲ್ಲಿ ಬಿಳಿ ಗೂಡಿನ ಹಕ್ಕಿಯ ಮೊಟ್ಟೆ ಇಡುವುದು. ಕಾಗೆ ಕೋಗಿಲೆ ಮರಿಯನ್ನು ಸಾಕಿದ ಹಾಗೆ ಸ್ರಿತಿ ಸಾಕುತ್ತದೆ. ದೊಡ್ಡದಾದ ಮರಿ ಅದೇ ಮನೆಯನ್ನು ತನ್ನದು ಅಂದುಕೊಳ್ಳುತ್ತದೆ. ಅಂಡಮಾನ್‌ನ ಪ್ರಯೋಗಕ್ಕೂ ಇದೇ ದಾರಿ ಹಿಡಿದರು. ಹೊಸಬರ ಕೈಗೆ ಇದು ಒಗ್ಗುವ ಕೆಲಸವಲ್ಲ.

ಮೊದಲ ಎರಡು ವರ್ಷ: ಕೈ ಕಟ್ಟಿ ಕೂರುವ ಕಲೆ

ಹಕ್ಕಿ ಒಳಗೆ ಬಂದು ಹೋಗುವುದು ಬೇರೆ, ರಾತ್ರಿ ಉಳಿಯುವುದು ಬೇರೆ, ಗೂಡು ಕಟ್ಟುವುದು ಬೇರೆ. ರಾತ್ರಿ ಉಳಿದದ್ದರ ಗುರುತು ಬೆಳಿಗ್ಗೆ ನೆಲದ ಮೇಲಿನ ಹಿಕ್ಕೆ. ಯಾವ ಹಲಗೆಯ ಕೆಳಗೆ ಎಷ್ಟು ಹಿಕ್ಕೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ. ದಿನಾ ಒಳಗೆ ಹೋಗಬೇಡಿ. ತಿಂಗಳಿಗೆ ಒಂದು ಸಲ, ಹೆಚ್ಚೆಂದರೆ ಎರಡು ಸಲ. ಅದೂ ಹಕ್ಕಿಗಳು ಹೊರಗಿರುವ ಹೊತ್ತಿನಲ್ಲಿ, ಮಂದ ಟಾರ್ಚು ಹಿಡಿದು.

ನಮಗೆ ತಗಡಿನ ತಪ್ಪು ತಿದ್ದಿದ ಮೇಲೆ ಮೊದಲ ಗೂಡು ಸಿಗಲು ಐದು ತಿಂಗಳು ಬೇಕಾಯಿತು. ಮೂರನೇ ವರ್ಷದಲ್ಲಿ 90 ದಾಟಿತು. ಪಕ್ಕದ ರಸ್ತೆಯಲ್ಲಿ ಹತ್ತು ವರ್ಷದಿಂದ ಸ್ಪೀಕರ್ ಮಾತ್ರ ಕೂಗುತ್ತಿರುವ ಕಟ್ಟಡವೂ ಇದೆ. ಸಾಲ ಮಾಡಿ ಇದಕ್ಕೆ ಇಳಿಯಬೇಡಿ ಅಂತ ಹೇಳುವುದು ಅದಕ್ಕೇ. ಬ್ಯಾಂಕಿನ ಕಂತು ಹಕ್ಕಿಗೆ ಕಾಯುವುದಿಲ್ಲ.

ವೈರಿಗಳಲ್ಲಿ ನನ್ನ ಪ್ರಕಾರ ಗೂಬೆ ಮೊದಲು. ಒಂದು ರಾತ್ರಿ ಗೂಬೆ ಒಳಹೊಕ್ಕರೆ ಇಡೀ ಗುಂಪು ಮನೆ ಬಿಡಬಹುದು. ಆಮೇಲೆ 'ತೊಕ್ಕೇ ತೊಕ್ಕೇ' ಅಂತ ಕೂಗುವ ಗೇಣುದ್ದದ ಹಲ್ಲಿ. ಮೊಟ್ಟೆ, ಮರಿ ಎರಡೂ ಅದಕ್ಕೆ ಊಟ. ಇಲಿ, ಹಾವು, ಇರುವೆ, ಜಿರಳೆ ಇದ್ದೇ ಇವೆ. ಹೊರಗೋಡೆಗೆ ನುಣುಪು ಗಾರೆ ಮಾಡಿ, ಬುಡದ ಸುತ್ತ ಗಿಡಬಳ್ಳಿ ಬೆಳೆಯಲು ಬಿಡಬೇಡಿ. ಒಳಗೆ ವಿಷ ಸಿಂಪಡಿಸುವ ಯೋಚನೆಯೇ ಬೇಡ, ನೀವು ಮಾರುವುದು ತಿನ್ನುವ ವಸ್ತು.

ಗೂಡು ಬಿಡಿಸುವುದು ಯಾವಾಗ?

ಜೋಡಿ ಹಕ್ಕಿ ಗೂಡು ಕಟ್ಟಲು 35ರಿಂದ 45 ದಿನ ತೆಗೆದುಕೊಳ್ಳುತ್ತದೆ. ನಾಲಿಗೆ ಕೆಳಗಿನ ಗ್ರಂಥಿಯಿಂದ ಬರುವ ಜೊಲ್ಲನ್ನು ರಾತ್ರಿ ಎಳೆ ಎಳೆಯಾಗಿ ಹಲಗೆಗೆ ಸವರಿ, ಅರ್ಧ ಬಟ್ಟಲಿನ ಆಕಾರ ತರುತ್ತದೆ. ಎರಡು ಬಿಳಿ ಮೊಟ್ಟೆ. ಕಾವು ಸುಮಾರು 23 ದಿನ. ಮರಿ ಹಾರಲು ಇನ್ನು ಆರು ವಾರದ ಮೇಲೆ ಬೇಕು. ಲೆಕ್ಕ ಹಾಕಿದರೆ ಒಂದು ಸುತ್ತಿಗೆ ಮೂರೂವರೆ ತಿಂಗಳು.

ಬಿಡಿಸುವುದರಲ್ಲಿ ಇಂಡೊನೇಷ್ಯಾದವರು ಮೂರು ಬಗೆ ಹೇಳುತ್ತಾರೆ. ಮೊಟ್ಟೆ ಇಡುವ ಮೊದಲೇ ಕಿತ್ತರೆ 'ರಾಂಪಾಸಾನ್', ಅಂದರೆ ದರೋಡೆ. ಹೆಸರಲ್ಲೇ ಎಲ್ಲ ಇದೆ. ಗೂಡು ಅಚ್ಚ ಬಿಳಿ, ಗರಿ ಕಡಿಮೆ, ಬೆಲೆ ಜಾಸ್ತಿ. ಆದರೆ ಹಕ್ಕಿ ತಕ್ಷಣ ಮತ್ತೆ ಕಟ್ಟಬೇಕು, ಸೋಲುತ್ತದೆ, ಮನೆಗೆ ಹೊಸ ಮರಿಯೂ ಸೇರುವುದಿಲ್ಲ. ಎರಡನೆಯದು ಮೊಟ್ಟೆ ಎಸೆದು ಗೂಡು ತೆಗೆಯುವುದು. ಮೂರನೆಯದು 'ತೆತಾಸಾನ್'. ಮರಿ ಹಾರಿಹೋದ ಮೇಲೆ ಖಾಲಿ ಗೂಡು ತೆಗೆಯುವುದು. ಗೂಡು ಸ್ವಲ್ಪ ಕೊಳೆ, ಬೆಲೆ ಸ್ವಲ್ಪ ಕಡಿಮೆ. ನಮ್ಮ ಮನೆಯಲ್ಲಿ ಮೂರನೆಯದು ಮಾತ್ರ. ಈ ವಿಷಯದಲ್ಲಿ ಪಾಲುದಾರರ ಜೊತೆ ನನ್ನದು ಒಂದು ದೊಡ್ಡ ಜಗಳವೇ ಆಗಿತ್ತು. ಬೆಲೆ ಏರಿದ ವರ್ಷ ನಾನೇ ದರೋಡೆಯ ಪರ ವಾದಿಸಿದ್ದೆ. ಅವರು ಒಪ್ಪಲಿಲ್ಲ. ಮೂರು ವರ್ಷ ಕಳೆದ ಮೇಲೆ ನಮ್ಮ ಗೂಡಿನ ಸಂಖ್ಯೆ ಏರುತ್ತಿತ್ತು, ಅವಸರ ಮಾಡಿದ ಪಕ್ಕದವರದ್ದು ಇಳಿಯುತ್ತಿತ್ತು.

ಬಿಡಿಸುವ ದಿನ ಉದ್ದ ಕೋಲಿಗೆ ಕಟ್ಟಿದ ಚಿಕ್ಕ ಕನ್ನಡಿ ಇಟ್ಟುಕೊಳ್ಳಿ. ಕೆಳಗಿಂದಲೇ ಗೂಡಿನೊಳಗೆ ಮೊಟ್ಟೆ, ಮರಿ ಇದೆಯಾ ಅಂತ ನೋಡಬಹುದು. ಖಾಲಿ ಇದ್ದದ್ದಕ್ಕೆ ಮಾತ್ರ ಬುಡದಲ್ಲಿ ನೀರು ಚಿಮುಕಿಸಿ. ಹತ್ತು ನಿಮಿಷದಲ್ಲಿ ಅಂಟು ಸಡಿಲವಾಗುತ್ತದೆ. ಪುಟ್ಟಿ ಹಚ್ಚುವ ಚಪ್ಪಟೆ ಪಟ್ಟಿಯನ್ನು ಹಲಗೆಗೆ ಒತ್ತಿ ಮೆಲ್ಲಗೆ ಜಾರಿಸಿದರೆ ಇಡೀ ಗೂಡು ಕೈಗೆ ಬರುತ್ತದೆ. ಒಣಗಿರುವಾಗ ಕಿತ್ತರೆ ಬುಡ ಮುರಿಯುತ್ತದೆ, ಮುರಿದದ್ದಕ್ಕೆ ಬೆಲೆ ಕಡಿಮೆ. ಒಂದು ಕೆ.ಜಿ.ಗೆ 100ರಿಂದ 120 ಗೂಡು ಬೇಕು.

ಶುಚಿ ಮಾಡುವುದು, ಮಾರುವುದು

ಬಿಡಿಸಿದ ಗೂಡನ್ನು ಹಾಗೆಯೇ ಮಾರಬಹುದು. ನಾವು ಹೆಚ್ಚಾಗಿ ಹಾಗೇ ಮಾಡುತ್ತೇವೆ. ಶುಚಿ ಮಾಡುವುದಾದರೆ ನೀರಲ್ಲಿ ನೆನೆಸಿ, ಎಳೆ ಬಿಡಿಸಿ, ಚಿಮಟದಲ್ಲಿ ಒಂದೊಂದೇ ಪುಕ್ಕ ತೆಗೆಯಬೇಕು. ಮಲ್ಲಿಗೆ ಕಟ್ಟುವವರ ತಾಳ್ಮೆ ಬೇಕು. ಕೈ ಪಳಗಿದವರಿಗೂ ಒಂದು ದಿನಕ್ಕೆ ಹತ್ತು ಗೂಡು ಮುಗಿದರೆ ದೊಡ್ಡದು. ಆಮೇಲೆ ಅಚ್ಚಿನಲ್ಲಿ ಒತ್ತಿ, ಫ್ಯಾನ್ ಗಾಳಿಗೆ ಒಣಗಿಸುವುದು. ಬಿಸಿಲು ಬೇಡ. ಬೆಳ್ಳಗಾಗಲಿ ಅಂತ ಬ್ಲೀಚ್ ಹಾಕುವವರ ಹತ್ತಿರ ವ್ಯವಹಾರವೂ ಬೇಡ.

ಕೆಂಪು ಗೂಡಿನ ಕತೆ ಹೇಳದೆ ಇದು ಮುಗಿಯುವುದಿಲ್ಲ. ಹಕ್ಕಿ ರಕ್ತ ಕಕ್ಕಿ ಕಟ್ಟಿದ್ದು ಅಂತ ಹೇಳಿ ಕೆಂಪು ಗೂಡನ್ನು ದುಪ್ಪಟ್ಟು ಬೆಲೆಗೆ ಮಾರುತ್ತಿದ್ದರು. 2011ರಲ್ಲಿ ಚೀನಾದ ಝೆಜಿಯಾಂಗ್‌ನಲ್ಲಿ ಪರೀಕ್ಷೆ ಮಾಡಿದಾಗ ಅದರಲ್ಲಿ ನೈಟ್ರೈಟ್ ಅನ್ನುವ ರಾಸಾಯನಿಕ ಮಿತಿಮೀರಿ ಸಿಕ್ಕಿತು. ಚೀನಾ ಆಮದು ನಿಲ್ಲಿಸಿತು. ಮಲೇಷ್ಯಾದ ಬೆಲೆ ನೆಲಕಚ್ಚಿತು. 2012ರಲ್ಲಿ ಎರಡೂ ದೇಶ ಒಪ್ಪಂದಕ್ಕೆ ಬಂದ ಮೇಲೆ, ನೈಟ್ರೈಟ್ ಕೆ.ಜಿ.ಗೆ 30 ಮಿಲಿಗ್ರಾಂ ಮೀರಬಾರದು, ಗೂಡು ಯಾವ ಮನೆಯದ್ದು ಅಂತ ಪತ್ತೆ ಹಚ್ಚುವ ಹಾಗಿರಬೇಕು ಅಂತ ನಿಯಮಗಳು ಬಂದವು. ಕೆಂಪು ಬಣ್ಣ ಬರುವುದು ರಕ್ತದಿಂದಲ್ಲ, ಹಿಕ್ಕೆ ಕೊಳೆತು ಏಳುವ ಆವಿಯಿಂದ ಅಂತ ಆಮೇಲೆ ಗೊತ್ತಾಯಿತು. ಹಾಗಾಗಿ ಹಕ್ಕಿ ನೆಲೆ ನಿಂತ ಮೇಲೆ ನೆಲದ ಹಿಕ್ಕೆಯನ್ನು ಆಗಾಗ ಬಾಚಿ ಹೊರಹಾಕಿ. ಗೊಬ್ಬರಕ್ಕೆ ಚೆನ್ನಾಗಿರುತ್ತದೆ, ನಮ್ಮ ಬಾಳೆಗಿಡಗಳೇ ಸಾಕ್ಷಿ.

ರುಚಿ ಕೇಳುವವರಿಗೆ: ಬಟ್ಟಲಲ್ಲಿ ಗೂಡು, ನೀರು, ಕಲ್ಲುಸಕ್ಕರೆ ಹಾಕಿ, ಆ ಬಟ್ಟಲನ್ನು ಕುದಿಯುವ ನೀರಲ್ಲಿ ಇಟ್ಟು ಬೇಯಿಸುತ್ತಾರೆ. ಅಮ್ಮ ಇಲ್ಲಿಗೆ ಬಂದಾಗ ಒಂದು ಚಮಚ ಬಾಯಿಗಿಟ್ಟು, "ಇದು ಚೈನಾಗ್ರಾಸ್ ಅಲ್ವಾ?" ಅಂದರು. ಮೊದಲ ಸಲ ತಿನ್ನುವವರು, ಅದರಲ್ಲೂ ಮಕ್ಕಳು, ಅಷ್ಟೇ ಚೂರು ತಿಂದು ನೋಡಬೇಕು. ಕೆಲವರಿಗೆ ಇದು ಜೋರು ಅಲರ್ಜಿ ಮಾಡುತ್ತದೆ. ಸಿಂಗಾಪುರದಲ್ಲಿ ಮಕ್ಕಳು ಇದರಿಂದ ಆಸ್ಪತ್ರೆ ಸೇರಿದ್ದಿದೆ. ಅಮ್ಮನ ಬಟ್ಟಲಲ್ಲಿ ಉಳಿದದ್ದನ್ನು ಪಾಲುದಾರರೇ ಮುಗಿಸಿದರು, ಬಿಸಾಡಲು ಅವರಿಗೆ ಮನಸ್ಸು ಬರಲಿಲ್ಲ.